ಗಾಲ್ಫ್ ಬಯಲಿನಲ್ಲಿ ಗರಿಕೆಯ ಸೇವೆ

ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ನಮ್ಮ ಸೋದರಮಾವನವರಿಗೆ ಒಂದಿಷ್ಟು ಹೊಲವಿದೆ. ಒಕ್ಕಲುತನದಲ್ಲಿ ಅವರು ಇಬ್ಬರು ಶತ್ರುಗಳನ್ನು ಬಲ್ಲರು. ಕರೆದರೂ ಬಾರದ ಮಳೆ ಒಂದು; ಕರೆಯದೆ ಬಂದು, ಬಂದ ಮೇಲೆ ಹೋಗದ ಗರಿಕೆ ಇನ್ನೊಂದು. ನೇಗಿಲು ಅದನ್ನು ನೂರು ತುಂಡು ಮಾಡಿದರೆ ನೂರು ತುಂಡೂ ಗಿಣ್ಣುಗಿಣ್ಣಿಗೆ ಬೇರುಬಿಟ್ಟು ನೂರು ಗಿಡಗಳಾಗುತ್ತವೆ. ಆಳವಾಗಿ ಅಗೆದು, ಬೇರನ್ನು ಆರಿಸಿ, ಬದುವಿನ ಮೇಲೆ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಸುಟ್ಟರಷ್ಟೇ ಸಮಾಧಾನ. ವರ್ಷಕ್ಕೊಮ್ಮೆ ಗಣೇಶನ ಹಬ್ಬದ ದಿನ ಮಾತ್ರ ಅವರು ಗರಿಕೆಯನ್ನು ಗೌರವದಿಂದ ಕಾಣುವುದು.

ಇಂಥ ಮಾವನವರು ಈಚೆಗೊಂದು ದಸರೆಗೆ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದರು. ಆಯುಧಪೂಜೆ ಕಳೆದ ಮೇಲಿನ ಸೋಮವಾರ, ಪರಿಚಯದವರೊಬ್ಬರ ದಾಕ್ಷಿಣ್ಯದಿಂದ, ಅವರನ್ನು ಒಂದು ಗಾಲ್ಫ್ ಬಯಲು ನೋಡಲು ಕರೆದುಕೊಂಡು ಹೋದೆ. ಆ ದಿನ ಆಟಕ್ಕೆ ರಜೆ, ಆಳುಗಳಿಗೆ ದುಪ್ಪಟ್ಟು ಕೆಲಸ. ಹುಲ್ಲು ಕತ್ತರಿಸುವ ಯಂತ್ರಗಳ ಕೊರಳಲ್ಲಿ ಚೆಂಡುಹೂವಿನ ಮಾಲೆ ಬಾಡಿ ನೇತಾಡುತ್ತಿತ್ತು. ಮಾವನವರು ಕುಣಿಯ ಸುತ್ತಲಿನ ನುಣುಪಾದ ಹಸುರಿನ ಬಳಿ ನಿಂತು, ಬಗ್ಗಿ, ಒಂದು ಎಳೆಯನ್ನು ಉಗುರಿನಿಂದ ಮೀಟಿ ನೋಡಿದರು. ಅವರ ಮುಖದ ಬಣ್ಣವೇ ಬದಲಾಯಿತು.

“ಮೇಸ್ತ್ರಿಗಳೇ, ಇದು ಗರಿಕೆಯಲ್ಲವೇ?”

“ಹೌದು ಯಜಮಾನರೆ, ಗರಿಕೆಯ ಜಾತಿಯೇ.”

“ಇದಕ್ಕೆ ಇಷ್ಟು ಜನ ಆಳುಗಳೇ!”

“ಇಷ್ಟೇ ಇದ್ದರೆ ಸಾಲದು ಯಜಮಾನರೆ. ಮಳೆ ಬಿಡುವ ಕಾಲ ನೋಡಿ.”

ಮಳೆ ಬಿಡುವ ಕಾಲ! ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಅಂದು ಮೇಸ್ತ್ರಿಯ ಹಿಂದೆ ನಾಲ್ಕು ತಾಸು ಸುತ್ತಿದ ಮೇಲೆ, ಗಾಲ್ಫ್ ಎಂದರೆ ಸಿರಿವಂತರು ಬಿಳಿಯ ಚೆಂಡನ್ನು ಹೊಡೆದು ಅದರ ಹಿಂದೆ ನಡೆಯುವ ಆಟವೆಂದಷ್ಟೇ ತಿಳಿದಿದ್ದ ನನಗೆ, ಅದು ಒಂದು ಬೇಸಾಯವೂ ಹೌದೆಂಬುದು ಮನವರಿಕೆಯಾಯಿತು. ಅದರ ಸುಗ್ಗಿಯ ದುಡಿಮೆಯೆಲ್ಲ ಆಶ್ವಯುಜ ಕಾರ್ತಿಕಗಳಲ್ಲಿ.

ಮೊದಲು ಹುಲ್ಲಿನ ಕುಲವನ್ನು ಹೇಳಿಬಿಡುತ್ತೇನೆ. ಪರದೇಶದವರು ಬರ್ಮುಡಾ ಹುಲ್ಲೆಂದು ಕರೆಯುವುದು ನಮ್ಮ ಗರಿಕೆಯನ್ನೇ. ಅಮೆರಿಕದ ಜಾರ್ಜಿಯಾ ಪ್ರಾಂತದ ಟಿಫ್ಟನ್ ಎಂಬ ಊರಿನ ಕೃಷಿ ಪ್ರಯೋಗ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಇದನ್ನು ಆಫ್ರಿಕದ ಇನ್ನೊಂದು ಸಣ್ಣೆಲೆಯ ಗರಿಕೆಯೊಡನೆ ಕೂಡಿಸಿ, ನೆಲಕ್ಕಂಟಿದಂತೆ ದಟ್ಟವಾಗಿ ಬೆಳೆಯುವ ತಳಿಗಳನ್ನು ಪಡೆದರು. 1956ರಲ್ಲಿ ಟಿಫ್‌ಗ್ರೀನ್ ಬಂತು. ಅದರಿಂದಲೇ ಹೊರಟ ಗಿಡ್ಡ ತಳಿ ಟಿಫ್‌ಡ್ವಾರ್ಫ್ 1965ರಲ್ಲಿ ಬಂತು. ಉಷ್ಣದೇಶಗಳ ಗಾಲ್ಫ್ ಬಯಲುಗಳಲ್ಲೆಲ್ಲ ಇವು ಮತ್ತು ಇವುಗಳ ಸಂತತಿ ಹಬ್ಬಿದವು. ಈ ಹುಲ್ಲಿಗೆ ಹುಟ್ಟುವ ಬೀಜವಿಲ್ಲ. ಗಿಣ್ಣುಳ್ಳ ಬಳ್ಳಿಯನ್ನು ತುಂಡರಿಸಿ ನೆಡಬೇಕು. ಮಾವನವರ ನೇಗಿಲು ಬೇಡವೆಂದರೂ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕೂಲಿ ಕೊಟ್ಟು ಮಾಡಿಸುತ್ತಾರೆ!

ಈ ಬರ್ಟನ್‌ರವರಿಗೂ ನಮ್ಮ ಬೆದ್ದಲು ಸೀಮೆಗೂ ಬೇರೊಂದು ನಂಟುಂಟು. ಅವರು ರೂಪಿಸಿದ ಸಜ್ಜೆಯ ತಳಿಯೊಂದನ್ನು ತಾಯಿಯಾಗಿಟ್ಟುಕೊಂಡೇ ಭಾರತದ ಮೊದಲ ಹೈಬ್ರಿಡ್ ಸಜ್ಜೆ, ಎಚ್.ಬಿ. 1, ಸಿದ್ಧವಾಗಿ 1965ರಲ್ಲಿ ರೈತರ ಕೈಸೇರಿತು. ಕೆಲವು ವರ್ಷ ಹೊಲಗಳು ತುಂಬಿ ತುಳುಕಿದವು. ಎಪ್ಪತ್ತರ ದಶಕದ ಆರಂಭದಲ್ಲಿ ಕೇದಿಗೆ ರೋಗ ಬಡಿದು ಆ ತಳಿ ಹಿಂದೆ ಸರಿಯಿತು. ಒಬ್ಬನೇ ಮನುಷ್ಯನ ಕೈಯಿಂದ ಒಂದೇ ವರ್ಷದಲ್ಲಿ ಸಿರಿವಂತರ ಆಟಕ್ಕೊಂದು ಹುಲ್ಲು, ಬಡವರ ರೊಟ್ಟಿಗೊಂದು ಕಾಳು ಹೊರಟವೆಂಬುದನ್ನು ಕೇಳಿ ಮಾವನವರು, “ಹುಲ್ಲು ಮಾತ್ರ ಉಳಿದುಕೊಂಡಿತು ನೋಡು” ಎಂದರು.

ಇಂಗ್ಲೆಂಡು, ಸ್ಕಾಟ್ಲೆಂಡುಗಳ ಪುಸ್ತಕಗಳಲ್ಲಿ ಶರತ್ಕಾಲವೆಂದರೆ ಎಲೆಯುದುರುವ ಕಾಲ. ಅಲ್ಲಿನ ಬಯಲು ಕಾಯುವವನಿಗೆ ಉದುರಿದ ಎಲೆಗಳನ್ನು ಬಳಿಯುವುದೇ ದಿನದ ಕೆಲಸ. ನಮಗೆ ಎಲೆಯುದುರುವುದು ಶಿಶಿರದಲ್ಲಿ. ನಮ್ಮ ಶರದೃತು ಮುಂಗಾರಿನ ಕೊನೆ, ಹಿಂಗಾರಿನ ಮೊದಲು. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚಿನ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ; ಚಿತ್ರದುರ್ಗದ ಸೀಮೆಯ ಮಳೆಯೂ ಈ ಹೊತ್ತಿನದೇ. ಆದ್ದರಿಂದ ಇಲ್ಲಿನ ಮೇಸ್ತ್ರಿಯ ಪಂಚಾಂಗ ಬೇರೆ. ಉತ್ತರೆಯಲ್ಲಿ ನೀರು ಹೊರಹಾಕಬೇಕು. ಹಸ್ತೆಯ ಬಿಡುವು ನೋಡಿ ನೆಲ ಚುಚ್ಚಬೇಕು. ಚಿತ್ತೆಯಲ್ಲಿ ಮರಳು ತುಂಬಿ ಗೊಬ್ಬರ ಕೊಡಬೇಕು. ಸ್ವಾತಿ ಮುಗಿಯುವುದರೊಳಗೆ ಹುಲ್ಲು ಗಾಯ ಮಾಯಿಸಿಕೊಂಡು ಎದ್ದು ನಿಲ್ಲಬೇಕು. ವಿಶಾಖೆಗೆ ಇಬ್ಬನಿ ದಟ್ಟವಾಗುತ್ತದೆ, ರಾತ್ರಿಗಳು ತಣ್ಣಗಾಗುತ್ತವೆ. ಗರಿಕೆ ಬಿಸಿಲಿನ ಕೂಸು. ದಿಲ್ಲಿಯಂಥ ಊರುಗಳ ಚಳಿಯಲ್ಲಿ ಅದು ಕಂದಾಗಿ ಮಲಗಿಬಿಡುವುದುಂಟು. ನಮ್ಮಲ್ಲಿ ಅಷ್ಟಾಗದಿದ್ದರೂ ಬೆಳವಣಿಗೆ ಮಂದವಾಗುತ್ತದೆ. ಆಮೇಲೆ ಗಾಯವಾದರೆ ಯುಗಾದಿಯವರೆಗೂ ಮಾಯದು.

ನೆಲ ಚುಚ್ಚುವುದೆಂದೆನಲ್ಲವೆ? ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಚೆಂಡು ಬೀಳಬೇಕಾದ ಕುಣಿಯ ಸುತ್ತ ಸುಮಾರು ಐದುನೂರು ಚದರ ಮೀಟರಿನಷ್ಟು ಜಾಗವನ್ನು ಗ್ರೀನ್ ಎನ್ನುತ್ತಾರೆ. ಅಲ್ಲಿ ಹುಲ್ಲಿನ ಎತ್ತರ ಮೂರು, ನಾಲ್ಕು ಮಿಲಿಮೀಟರ್, ಅಂದರೆ ಅಕ್ಕಿಯ ಕಾಳನ್ನು ನಿಲ್ಲಿಸಿದರೆ ಹುಲ್ಲಿಗಿಂತ ಅದೇ ಎತ್ತರ! ಅಷ್ಟು ಬೋಳಿಸಿಕೊಂಡ ಹುಲ್ಲು ಬದುಕಬೇಕಾದರೆ ಬೇರಿಗೆ ಗಾಳಿ ಬೇಕು. ಮಳೆಗಾಲವೆಲ್ಲ ನೂರಾರು ಪಾದಗಳು ತುಳಿದು, ಯಂತ್ರ ಉರುಳಿ, ನೀರು ನಿಂತು ನೆಲ ಇಟ್ಟಿಗೆಯಂತಾಗಿರುತ್ತದೆ. ಮೇಲೆ ಸತ್ತ ಹುಲ್ಲಿನ ನಾರು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಆಗ ಟೊಳ್ಳು ಮೊಳೆಗಳ ಯಂತ್ರವೊಂದನ್ನು ಓಡಿಸುತ್ತಾರೆ. ಬೆರಳು ಗಾತ್ರದ ಆ ಮೊಳೆಗಳು ಅಂಗೈ ಅಗಲದಷ್ಟು ಆಳಕ್ಕಿಳಿದು, ಮಣ್ಣಿನ ಪುಟ್ಟ ಪುಟ್ಟ ಕಡ್ಡಿಗಳನ್ನು ಕಿತ್ತು ಮೇಲೆಸೆಯುತ್ತವೆ. ಎರಡಂಗುಲಕ್ಕೊಂದರಂತೆ ತೂತು ಬಿದ್ದರೆ ಚದರ ಮೀಟರಿಗೆ ನಾಲ್ಕುನೂರು. ಒಂದು ಗ್ರೀನಿಗೆ ಎರಡು ಲಕ್ಷ. ಹದಿನೆಂಟು ಗ್ರೀನುಗಳಿಗೆ 36 ಲಕ್ಷ ತೂತುಗಳು! ಕಿತ್ತ ಮಣ್ಣನ್ನು ಬಳಿದು ತೆಗೆದು ಒಣಮರಳನ್ನು ಹರಡಿ, ಪೊರಕೆಯಿಂದಲೋ ತೆಂಗಿನ ನಾರಿನ ಚಾಪೆಯನ್ನು ಎಳೆದೋ ಪ್ರತಿ ತೂತಿಗೂ ಇಳಿಯುವಂತೆ ಮಾಡುತ್ತಾರೆ. ಮೇಲೊಂದು ತೆಳುವಾದ ಪದರವೂ ಸೇರಿ ಒಂದೊಂದು ಗ್ರೀನಿಗೆ ಸುಮಾರು ಐದು ಟನ್ ಮರಳು ನುಂಗುತ್ತದೆ.

ಮರಳಿನ ಮಹಿಮೆಯನ್ನು ಕಂಡವನು ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನ ಟಾಮ್ ಮಾರಿಸ್. 1851ರಿಂದ ಪ್ರೆಸ್ಟ್‌ವಿಕ್ಕಿನಲ್ಲೂ 1864ರಿಂದ ಸೇಂಟ್ ಆಂಡ್ರೂಸಿನಲ್ಲೂ ಬಯಲು ಕಾಯುತ್ತಿದ್ದ ಈತನ ತಳ್ಳುಗಾಡಿಯಿಂದ ಒಮ್ಮೆ ಮರಳು ಅಕಸ್ಮಾತ್ತಾಗಿ ಹುಲ್ಲಿನ ಮೇಲೆ ಚೆಲ್ಲಿತಂತೆ. ಅಲ್ಲಿಯೇ ಹುಲ್ಲು ಹುಲುಸಾಯಿತಂತೆ. ಕಥೆ ನಿಜವೋ ಅಲ್ಲವೋ, ಅಂದಿನಿಂದ ಇಂದಿನವರೆಗೆ ಗ್ರೀನಿನ ಆರೋಗ್ಯ ಮರಳಿನಲ್ಲಿದೆ. 1960ರಲ್ಲಿ ಅಮೆರಿಕದ ಗಾಲ್ಫ್ ಸಂಘ ಪ್ರಕಟಿಸಿದ ಮಾದರಿಯಂತೆ, ತಳದಲ್ಲಿ ನೀರಿಳಿಯುವ ಕೊಳವೆ, ಅದರ ಮೇಲೆ ನಾಲ್ಕಂಗುಲ ಜಲ್ಲಿ, ಅದರ ಮೇಲೆ ಒಂದಡಿ ಮರಳು ಹಾಕಿಯೇ ಗ್ರೀನನ್ನು ಕಟ್ಟುತ್ತಾರೆ. ಎಂಥ ಮರಳೆಂದರೆ ಅಂಥದಲ್ಲ. ಕಾಲರಿಂದ ಒಂದು ಮಿಲಿಮೀಟರ್ ನಡುವಿನ ಕಾಳೇ ಹೆಚ್ಚಾಗಿರಬೇಕು, ತೊಳೆದಿರಬೇಕು, ಮಣ್ಣಿನ ಅಂಶ ಇರಬಾರದು. ಇಂಥ ಮರಳು ಇಂದು ಕೈಗೆಟುಕುವ ವಸ್ತುವಲ್ಲ. ಮಾವನವರು ರಾಶಿಯಿಂದ ಒಂದು ಹಿಡಿ ತೆಗೆದು ಬೆರಳಸಂದಿಯಿಂದ ಸುರಿಸುತ್ತ, “ನಮ್ಮ ವೇದಾವತಿಯ ಮರಳು ಲಾರಿ ಹತ್ತಿ ಹೋದದ್ದನ್ನು ಕಣ್ಣಾರೆ ಕಂಡವನು ನಾನು. ನದಿಯಲ್ಲಿ ಮರಳಿದ್ದಾಗ ನಮ್ಮ ಬಾವಿಯಲ್ಲಿ ನೀರಿತ್ತು” ಎಂದರು. ಮೇಸ್ತ್ರಿ ಉತ್ತರ ಕೊಡಲಿಲ್ಲ. ಅವರ ಊರಿನ ಹೊಳೆಯ ಕಥೆಯೂ ಬೇರೆಯಿರಲಾರದು.

ಚುಚ್ಚಿದ ಹುಲ್ಲು ಹದಿನೈದು ದಿನ ಸಿಡುಬು ಬಿದ್ದ ಮುಖದಂತೆ ಕಾಣುತ್ತದೆ. ಚೆಂಡು ನೆಟ್ಟಗೆ ಉರುಳದು. ಆಟಗಾರರ ಗೊಣಗಾಟವೆಲ್ಲ ಮೇಸ್ತ್ರಿಯ ಕಿವಿಗೇ. ದಸರೆಯ ರಜೆ, ದೀಪಾವಳಿಯ ಪಂದ್ಯಗಳು ಎರಡರ ನಡುವೆ ಈ ಶಸ್ತ್ರಚಿಕಿತ್ಸೆ ನಡೆದುಹೋಗಬೇಕು. ಯಜಮಾನರು ಒಪ್ಪದೆ ಒಂದು ವರ್ಷ ಮುಂದೂಡಿದರೆ? “ಆ ವರ್ಷ ಏನೂ ಆಗುವುದಿಲ್ಲ ಸ್ವಾಮಿ. ಮುಂದಿನ ವರ್ಷ ಆಗುತ್ತದೆ” ಎಂದು ಮೇಸ್ತ್ರಿ ನಕ್ಕರು.

ಕತ್ತಲು ಹರಿಯುವ ಮೊದಲೇ ಇಲ್ಲಿ ಕೆಲಸ ಆರಂಭ. ಉದ್ದನೆಯ ಬಿದಿರುಗಳವನ್ನು ಗ್ರೀನಿನ ಮೇಲೆ ಬೀಸಿ ಇಬ್ಬನಿಯನ್ನು ಉದುರಿಸುತ್ತಾರೆ. ನೋಡುವುದಕ್ಕೆ ಚೆಂದ, ಆದರೆ ಚೆಂದಕ್ಕಾಗಿ ಮಾಡುವುದಲ್ಲ. ಶರತ್ಕಾಲದ ಇಬ್ಬನಿ ಎಲೆಯ ಮೇಲೆ ಬಹಳ ಹೊತ್ತು ನಿಂತರೆ ಬೂಷ್ಟು ಹಿಡಿಯುತ್ತದೆ. ಬೆಳ್ಳಿಯ ರೂಪಾಯಿಯಷ್ಟಗಲದ ಒಣಕಲು ಚುಕ್ಕೆಗಳು ಮೂಡುತ್ತವೆ. ಆಮೇಲೆ ಕುಣಿಯ ಸ್ಥಳಾಂತರ. ನಾಲ್ಕೂಕಾಲು ಅಂಗುಲ ವ್ಯಾಸದ ಆ ಕುಣಿಯನ್ನು ದಿನವೋ ಎರಡು ದಿನಕ್ಕೊಮ್ಮೆಯೋ ಬೇರೆಡೆ ಕೊರೆದು, ಹೊಸ ಕುಣಿಯಿಂದ ಬಂದ ಹುಲ್ಲಿನ ಬಿಲ್ಲೆಯಿಂದ ಹಳೆಯದನ್ನು ಮುಚ್ಚುತ್ತಾರೆ, ಒಂದೇ ಕಡೆ ತುಳಿತ ಬೀಳದಿರಲೆಂದು. ಬಿಲ್ಲೆ ಕೂದಲೆಳೆಯಷ್ಟು ಎತ್ತರವಾದರೂ ಯಂತ್ರ ಅದರ ನೆತ್ತಿಯನ್ನು ಕೆರೆದುಹಾಕುತ್ತದೆ. ಅಂಗೈಯಿಂದ ಸವರಿ ನೋಡಿ ಮಟ್ಟ ಹೇಳುವ ಮುದುಕರೊಬ್ಬರಿದ್ದರು. ಅವರ ಅಂಗೈಯ ಮುಂದೆ ರಸಮಟ್ಟದ ಕೊಳವೆಯೂ ಸೋಲಬೇಕು.

ಹೆಂಗಸರ ಸಾಲೊಂದು ಕುಳಿತಲ್ಲಿಯೇ ಸರಿಯುತ್ತ ಕಳೆ ತೆಗೆಯುತ್ತಿತ್ತು. ಮಳೆ ಕಳೆದ ಮೇಲೆ ಕೊನ್ನಾರಿಗಡ್ಡೆಯ ಕಾಟ ಹೆಚ್ಚು. ಮೇಲೆ ಕಿತ್ತರೆ ಪ್ರಯೋಜನವಿಲ್ಲ, ಕೆಳಗಿನ ಗಡ್ಡೆ ಬರಬೇಕು; ಗಡ್ಡೆಗೆ ಕೈ ಹಾಕಿದರೆ ಸುತ್ತಲಿನ ಹುಲ್ಲು ಕದಲಬಾರದು. ಔಷಧಿ ಸಿಂಪಡಿಸುವುದುಂಟು, ಆದರೆ ಗ್ರೀನಿನ ಮೇಲೆ ಕುಡುಗೋಲಿನ ತುದಿಯನ್ನೇ ನಂಬುತ್ತಾರೆ. ಮಾವನವರು ಆ ಸಾಲಿನ ಬಳಿ ಬಹಳ ಹೊತ್ತು ನಿಂತರು. ಒಬ್ಬಾಕೆಯನ್ನು, “ಯಾವೂರಮ್ಮ?” ಎಂದು ಕೇಳಿದರು. ಆಕೆ ಹೇಳಿದ್ದು ಬೆದ್ದಲು ಸೀಮೆಯದೇ ಒಂದು ಊರು. ಊರಿನಲ್ಲಿ ಹೊಲ ಇದೆಯೇ ಎಂದರು. ಇದೆ, ಬೋರು ಬತ್ತಿದೆ ಎಂದಳು. ಗರಿಕೆ ಆ ಹೊಲದಲ್ಲೀಗ ಹಬ್ಬಿರಬೇಕು. ಅದನ್ನು ಕೀಳುತ್ತಿದ್ದ ಕೈ ಇಲ್ಲಿ ಗರಿಕೆಯ ನಡುವಿನ ಕಳೆ ಕೀಳುತ್ತಿದೆ.

ಇನ್ನು ಹುಳುಗಳು. ಬೇರು ತಿನ್ನುವ ಗೊಣ್ಣೆಹುಳುವನ್ನು ಬೆಳ್ಳಕ್ಕಿಗಳೂ ಮೈನಾಗಳೂ ತೋರಿಸಿಕೊಡುತ್ತವೆ. ಎಲ್ಲಿ ಅವು ನೆಲ ಕುಕ್ಕುವುವೋ ಅಲ್ಲಿ ಕೆಳಗೆ ಅಪಾಯ. ಮರಗಳದೂ ಒಂದು ತಕರಾರೇ. ಸೆಪ್ಟೆಂಬರ್ ಕಳೆದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಮಳೆಗಾಲದಲ್ಲಿ ಬಿಸಿಲಿದ್ದ ಗ್ರೀನಿಗೆ ತೆಂಕಣ ದಿಕ್ಕಿನ ಮರದ ನೆರಳು ಬೀಳುತ್ತದೆ. ಗರಿಕೆ ನೆರಳನ್ನು ಸಹಿಸದು. ಕೊಂಬೆ ಸವರಬೇಕು, ಸವರಿದರೆ ಮರಪ್ರಿಯರು ಸುಮ್ಮನಿರರು.

ನಮ್ಮ ನಾಡಿನಲ್ಲಿ ಈ ಬೇಸಾಯ ಹಳೆಯದು. ಬ್ರಿಟಿಷ್ ದ್ವೀಪಗಳ ಹೊರಗೆ ಅತಿ ಹಳೆಯದೆನಿಸಿದ ಕಲ್ಕತ್ತೆಯ ಗಾಲ್ಫ್ ಕ್ಲಬ್ 1829ರದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಿನ ಕುದುರೆಪಂದ್ಯದ ಬಯಲಿಗೆ ಹೊಂದಿಕೊಂಡು ಜಯಚಾಮರಾಜ ಒಡೆಯರ ಹೆಸರಿನ ಕ್ಲಬ್ಬಿದೆ. ಕೊಡಗಿನ ಮಡಿಕೇರಿ, ಬಿಟ್ಟಂಗಾಲಗಳ ಬಯಲುಗಳು ಆಷಾಢ ಶ್ರಾವಣಗಳ ಮಳೆಯಲ್ಲಿ ನೆನೆದು ತೊಯ್ದು ಶರತ್ಕಾಲದಲ್ಲಿ ಕಣ್ಣುಬಿಡುತ್ತವೆ. ನೀರಿನ ಅನುಕೂಲವಿಲ್ಲದ ಎಡೆಗಳಲ್ಲಿ ಹಿಂದಿನವರು ಗ್ರೀನಿನ ಗೊಡವೆಯನ್ನೇ ಬಿಟ್ಟು, ಮರಳಿಗೆ ಎಣ್ಣೆ ಕಲಸಿ ಸಮ ಮಾಡಿ, ಅದನ್ನು ‘ಬ್ರೌನ್’ ಎಂದು ಕರೆದು ಆಡಿ ಮುಗಿಸುತ್ತಿದ್ದರು. ಇದು ನನಗೆ ಬಹಳ ವಿವೇಕದ ಏರ್ಪಾಡೆಂದು ತೋರುತ್ತದೆ. ಇಂದಿನ ಆಟಗಾರರು ಒಪ್ಪಲಾರರು.

ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಬಯಲಿನ ಕಥೆ ವಿಚಿತ್ರವಾದದ್ದು. ಬ್ರಿಟಿಷ್ ಓಪನ್ ಪಂದ್ಯವನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್‌ರ ಬಳಗ ಅದನ್ನು ರೂಪಿಸಿತು. ಆ ಜಾಗ ಹಿಂದೆ ಚಲ್ಲಘಟ್ಟದ ಕೆರೆಯ ಅಂಗಳ. ಕೆರೆಯೇ ಹುಲ್ಲಾದ ಊರಿನಲ್ಲಿ ಹುಲ್ಲಿಗೆ ನೀರೆಲ್ಲಿಂದ?

ಇದೇ ಪ್ರಶ್ನೆಯನ್ನು ಮಾವನವರು ಅಂದು ಮೇಸ್ತ್ರಿಯನ್ನು ಕೇಳಿದರು. ನಾವು ಮೂವರೂ ಮರದ ಕೆಳಗೆ ಕುಳಿತು ಲೆಕ್ಕ ಹಾಕಿದೆವು. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಹತ್ತು ಸಾವಿರ ಲೀಟರ್. ಬಿಸಿಲುಗಾಲದಲ್ಲಿ ದಿನಕ್ಕೆ ನಾಲ್ಕು ಮಿಲಿಮೀಟರ್ ಬೇಕೆಂದು ಹಿಡಿದರೆ, ಇಪ್ಪತ್ತು ಹೆಕ್ಟೇರ್ ಹುಲ್ಲಿಗೆ ದಿನವೊಂದಕ್ಕೆ ಎಂಟು ಲಕ್ಷ ಲೀಟರ್. ಪಟ್ಟಣದ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಅಳತೆ. ಆರು ಸಾವಿರ ಜನರ ಪಾಲು! ಮಾವನವರು ಕಡ್ಡಿಯಿಂದ ನೆಲದ ಮೇಲೆ ಬರೆದಿದ್ದ ಅಂಕಿಗಳನ್ನು ಅಳಿಸಿ ಮತ್ತೊಮ್ಮೆ ಗುಣಿಸಿದರು. ಅಷ್ಟೇ ಬಂತು.

“ಕುಡಿಯುವ ನೀರಲ್ಲ ಯಜಮಾನರೆ, ಚರಂಡಿಯ ನೀರು. ಶುದ್ಧಿ ಮಾಡಿ ಬಿಡುತ್ತೇವೆ” ಎಂದರು ಮೇಸ್ತ್ರಿ. ಕೊಳವೆಬಾವಿಯನ್ನೂ ನಲ್ಲಿಯನ್ನೂ ನಂಬಿ ಹಸುರು ಸಾಕುವ ಕಾಲ ಮುಗಿಯಿತೆಂಬುದನ್ನು 2024ರ ಬೇಸಗೆ ಬೆಂಗಳೂರಿಗೆ ಕಲಿಸಿತು. ಆ ಮಾರ್ಚಿಯಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಆದರೆ ಚರಂಡಿಯ ನೀರಿಗೂ ಈಗ ಹಕ್ಕುದಾರರಿದ್ದಾರೆ. ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದನ್ನು ವಾಚಕರು ಬಲ್ಲರು. ಕೆರೆಯಿದ್ದಲ್ಲಿ ಆಟ ನಡೆಯುತ್ತಿರುವ ಚಲ್ಲಘಟ್ಟದ ಹೆಸರು, ಕೆರೆ ತುಂಬಿಸುವ ಯೋಜನೆಯಲ್ಲಿ ಉಳಿದುಕೊಂಡಿದೆ! ಆ ನೀರು ಎರಡನೆಯ ಹಂತದ ಶುದ್ಧಿಯಷ್ಟೇ ಕಂಡದ್ದು, ಸಾಲದೆಂಬ ಆಕ್ಷೇಪವೂ ಇದೆ. ಆದರೂ ಅದನ್ನು ಕಾದು ಕುಳಿತ ಹೊಲಗಳಿವೆ. ಹುಲ್ಲಿಗೆ ಕೊಟ್ಟ ಪ್ರತಿ ಲೀಟರೂ ಬೇರೊಬ್ಬರ ಲೆಕ್ಕದಲ್ಲಿ ಕಳೆದ ಲೀಟರೇ.

ಶರತ್ಕಾಲದ ದುಡಿಮೆ ಇಲ್ಲಿಯೇ ತನ್ನ ಬೆಲೆಯನ್ನು ತೋರಿಸುತ್ತದೆ. ಚುಚ್ಚಿ ಮರಳು ತುಂಬಿದ ನೆಲದಲ್ಲಿ ಬೇರು ಆಳಕ್ಕಿಳಿದರೆ ಬೇಸಗೆಯಲ್ಲಿ ನೀರನ್ನು ದಿನ ಬಿಟ್ಟು ದಿನ ಕೊಟ್ಟರೂ ನಡೆಯುತ್ತದೆ. ಬೇರು ಮೇಲೆಯೇ ಉಳಿದರೆ ದಿನವೂ ಕೊಡಬೇಕು. ಶುದ್ಧಿ ಮಾಡಿದ ನೀರಿಗೆ ಇನ್ನೊಂದು ದೋಷವುಂಟು: ಉಪ್ಪು. ಬೇಸಗೆಯುದ್ದಕ್ಕೂ ಅದು ಮಣ್ಣಿನಲ್ಲಿ ಸೇರುತ್ತ ಹೋಗಿ ನೆಲವನ್ನು ಬಿಗಿಗೊಳಿಸುತ್ತದೆ. ಜಿಪ್ಸಮ್ ಹಾಕಿ, ತೂತುಗಳ ದಾರಿಯಿಂದ ಮಳೆಯ ನೀರು ಆ ಉಪ್ಪನ್ನು ಕೆಳಕ್ಕೆ ತೊಳೆದೊಯ್ಯುವಂತೆ ಮಾಡುವುದಕ್ಕೆ ಹಸ್ತೆ, ಚಿತ್ತೆಗಳೇ ಕೊನೆಯ ಅವಕಾಶ. ಇದನ್ನು ಮಾತ್ರ ಮಾವನವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಕಾಲುವೆಯ ನೀರುಂಡ ಎರೆಯ ನೆಲ ಚೌಳಾಗುವುದನ್ನು ಅವರು ಬಲ್ಲರು. “ನೀವು ಮಾಡುತ್ತಿರುವುದು ಚೌಳು ತೊಳೆಯುವ ಕೆಲಸ” ಎಂದು ಅವರು ಮೊದಲ ಬಾರಿಗೆ ಮೆಚ್ಚಿ ತಲೆಯಾಡಿಸಿದರು.

ಆಮೇಲೆ ಮಾತು ವಾಣಿವಿಲಾಸ ಸಾಗರಕ್ಕೆ ಹೊರಳಿತು. ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಅದೇ ಸೆಪ್ಟೆಂಬರಿನ ಮೊದಲಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ದೋಣಿ ನಡೆದದ್ದು ನೆನಪಿರಬೇಕು. “ನಾವು ಬಾಗಿನ ಕೊಟ್ಟೆವು, ನೀವು ಪಂಪು ಹಚ್ಚಿದಿರಿ” ಎಂದು ಮಾವನವರು ನಕ್ಕರು.

ಸಂಜೆ ನಾಲ್ಕಕ್ಕೆ ಮೋಡ ಕವಿದು ಹಸ್ತೆಯ ಮಳೆ ಬಂದೇಬಿಟ್ಟಿತು. ಯಂತ್ರಗಳ ಕೊಟ್ಟಿಗೆಯ ಸೂರಿನ ಕೆಳಗೆ ನಿಂತೆವು. ಮುಂದಿನ ಹಾದಿಯಲ್ಲಿ ಕ್ಷಣದಲ್ಲಿ ನೀರು ಮಡುಗಟ್ಟಿತು. ಬೆಳಿಗ್ಗೆ ಮರಳು ತುಂಬಿದ ಗ್ರೀನಿನ ಮೇಲೆ ಬಿದ್ದದ್ದು ಬಿದ್ದಂತೆ ಮಾಯವಾಗುತ್ತಿತ್ತು. ಮೇಸ್ತ್ರಿ ಒಂದು ಮಾತನ್ನೂ ಆಡದೆ ಅದನ್ನೇ ನೋಡುತ್ತಿದ್ದರು. ಮಾವನವರು ಕಿತ್ತೊಗೆದ ಮಣ್ಣುಕಡ್ಡಿಗಳ ರಾಶಿಯಿಂದ ಒಂದನ್ನೆತ್ತಿ ಮುರಿದು ಮೂಸಿದರು. ಬಿಳಿಯ ಬೇರು ತುದಿಯವರೆಗೂ ಇಳಿದಿತ್ತು. “ಪರವಾಗಿಲ್ಲ” ಎಂದರು.

ಮಳೆ ನಿಂತ ಮೇಲೆ ಬಾಗಿಲ ಬಳಿ ಬಂದಾಗ ಅವರು ಒಂದು ಕಲ್ಲಿನ ಮೇಲೆ ಕುಳಿತು ಚಪ್ಪಲಿ ಕಳಚಿದರು. ಅಡಿಗೆ ಅಂಟಿದ್ದ ಗರಿಕೆಯ ತುಂಡುಗಳನ್ನು ಒಂದೊಂದಾಗಿ ಕಡ್ಡಿಯಿಂದ ಕೆದಕಿ ತೆಗೆದು, ಪಂಚೆಯ ಅಂಚನ್ನೂ ಕೊಡವಿ ನೋಡಿಕೊಂಡರು. ನಾಳೆ ಬೆಳಿಗ್ಗೆ ಆದಿವಾಲದ ಬಸ್ಸು ಹತ್ತುವವರು ಅವರು.